ಬಿಜ್ಜಳನೊಬ್ಬನೇ ಕೆಟ್ಟವನೆ?



ಬಸವ ಜಯಂತಿಯ ಮರುದಿನ ಒಂದು ಮಠದ ಪ್ರಸಾದ ನಿಲಯದಲ್ಲಿ ಮಕ್ಕಳಿಗೆ 'ಜಗಜ್ಯೋತಿ ಬಸವೇಶ್ವರ' ಚಲನಚಿತ್ರ ತೋರಿಸಿದರು. 1959ರಲ್ಲಿ ತೆರೆಗೆ ಬಂದ, ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನದ ಕಪ್ಪು ಬಿಳುಪಿನ ಚಿತ್ರ. ಹೊನ್ನಪ್ಪ ಭಾಗವತರ್ ಬಸವಣ್ಣನವರಾಗಿ, ರಾಜಕುಮಾರ್ ಬಿಜ್ಜಳನಾಗಿ ನಟಿಸಿದ್ದಾರೆ. ನಮ್ಮಲ್ಲಿ ಅನೇಕ ಹಿರಿಯರು ಈ ಚಿತ್ರವನ್ನು ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ನೋಡಿದವರು. ಇಂದಿನ ಮಕ್ಕಳೂ ಕದಲದೆ ಕುಳಿತು ನೋಡಿದರು. ಪ್ರಸಾದವಾದ ಮೇಲೆ ವಾರ್ಡನ್ ಒಬ್ಬೊಬ್ಬರ ಕೈಗೂ ಒಂದು ಹಾಳೆ ಕೊಟ್ಟು, ನೋಡಿದ್ದರಲ್ಲಿ ಮನಸ್ಸಿಗೆ ಹತ್ತಿದ್ದನ್ನು ಬರೆಯಿರಿ ಎಂದರು. ಆ ಹಾಳೆಗಳನ್ನು ಓದುವ ಅವಕಾಶ ನಮಗೆ ಸಿಕ್ಕಿತು.

ಹೆಚ್ಚು ಕಡಿಮೆ ಎಲ್ಲರೂ ಬರೆದದ್ದು ಒಂದೇ: ಬಸವಣ್ಣನವರು ಒಳ್ಳೆಯವರು, ಬಿಜ್ಜಳ ಕೆಟ್ಟವನು, ಆದ್ದರಿಂದ ಕಲ್ಯಾಣ ಹಾಳಾಯಿತು. ಎಂಟನೆಯ ತರಗತಿಯ ಒಬ್ಬ ಹುಡುಗ ಮಾತ್ರ ಒಂದು ಪ್ರಶ್ನೆ ಬರೆದಿದ್ದ: "ಬಿಜ್ಜಳ ಕೆಟ್ಟವನಾಗಿದ್ದರೆ ಬಸವಣ್ಣನವರು ಅವನ ಬಳಿ ಅಷ್ಟು ವರ್ಷ ಯಾಕೆ ಕೆಲಸ ಮಾಡಿದರು? ಅವನು ಸತ್ತ ಮೇಲೆ ಜಾತಿ ಯಾಕೆ ಹೋಗಲಿಲ್ಲ?"

ಈ ತಿಂಗಳ ಸಂಪಾದಕೀಯ ಆ ಹುಡುಗನಿಗೆ ನಾವು ಕೊಡಬೇಕಾದ ಉತ್ತರ.

ನಮ್ಮ ಮಾತಿನ ರೂಢಿಯನ್ನೇ ನೋಡಿ. ನಾವು 'ಬಸವಣ್ಣನವರು ಹೇಳಿದರು' ಎನ್ನುತ್ತೇವೆ, 'ಬಿಜ್ಜಳ ಹೇಳಿದ' ಎನ್ನುತ್ತೇವೆ. ದೊರೆಗೆ ಏಕವಚನ, ಅವನ ಭಂಡಾರಿಗೆ ಬಹುವಚನ. ಎಂಟು ಶತಮಾನಗಳ ನಂತರ ಜನ ಯಾರನ್ನು ತಲೆಯ ಮೇಲೆ ಹೊತ್ತಿದ್ದಾರೆ ಎಂಬುದಕ್ಕೆ ಇದು ಸಾಕ್ಷಿ, ಹೆಮ್ಮೆಯ ಸಾಕ್ಷಿಯೇ. ಆದರೆ ವಿಚಾರಣೆಗೆ ಮೊದಲೇ ತೀರ್ಪು ಬರೆದಿಟ್ಟಂತೆಯೂ ಹೌದು. ನಾಟಕ ಕಂಪನಿಗಳು ಈ ತೀರ್ಪನ್ನು ಹಳ್ಳಿ ಹಳ್ಳಿಗೆ ಒಯ್ದವು, ಸಿನಿಮಾ ಅದಕ್ಕೆ ಗಟ್ಟಿ ಮುಖ ಕೊಟ್ಟಿತು. 1983ರಲ್ಲಿ ಕೆ.ಎಸ್.ಎಲ್. ಸ್ವಾಮಿಯವರು 'ಕ್ರಾಂತಿಯೋಗಿ ಬಸವಣ್ಣ' ಮಾಡಿದಾಗಲೂ ಪ್ರೇಕ್ಷಕರು ಆ ಮುಖವನ್ನು ಮನಸ್ಸಿನಲ್ಲಿಟ್ಟುಕೊಂಡೇ ಟಿಕೆಟ್ ಪಡೆದಿರಬೇಕು.

ಹಾಗಾದರೆ ಆ ಬಿಜ್ಜಳ ಯಾರು? ಕಲಚುರಿ ವಂಶದ ಮಾಂಡಲಿಕ. ಅವನ ನೆಲೆ ಮಂಗಳವೇಢೆ, ಇಂದಿನ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿದೆ. ಕಲ್ಯಾಣದ ಚಾಲುಕ್ಯರ ಅಧೀನದಲ್ಲಿದ್ದು, ಮೂರನೆಯ ತೈಲಪನ ಕೈ ಸಡಿಲವಾದಾಗ ಹಂತ ಹಂತವಾಗಿ ಅಧಿಕಾರ ಕಿತ್ತುಕೊಂಡ. 1162ರ ಹೊತ್ತಿಗೆ ಕಲ್ಯಾಣದ ಪೂರ್ಣ ಒಡೆಯನಾಗಿದ್ದ. 1167-68ರ ಹೊತ್ತಿಗೆ ಅವನ ಆಳ್ವಿಕೆ ಮುಗಿದು ಮಗ ಸೋವಿದೇವ ಪಟ್ಟಕ್ಕೆ ಬಂದ. 1180ರ ದಶಕದಲ್ಲಿ ಚಾಲುಕ್ಯರ ನಾಲ್ಕನೆಯ ಸೋಮೇಶ್ವರ ಕಲ್ಯಾಣವನ್ನು ಮರಳಿ ಪಡೆದ. ಕಲ್ಯಾಣದಲ್ಲಿ ಕಲಚುರಿಗಳ ಆಟವೆಲ್ಲ ಕಾಲು ಶತಮಾನದ್ದು. ಬೇರೆಯವರ ಸಿಂಹಾಸನದ ಮೇಲೆ ಕುಳಿತ ದೊರೆಗೆ ಹಳೆಯ ಸಾಮಂತರ ಭಯವಿತ್ತು, ಪುರೋಹಿತರ ಒಪ್ಪಿಗೆಯ ಅಗತ್ಯವಿತ್ತು, ತುಂಬಿದ ಬೊಕ್ಕಸದ ಅಗತ್ಯ ಇನ್ನೂ ಹೆಚ್ಚಿಗೆ ಇತ್ತು. ಲೆಕ್ಕದಲ್ಲಿ ನಿಷ್ಠುರರಾದ ಭಂಡಾರಿಯೊಬ್ಬರು ಅವನಿಗೆ ಏಕೆ ಬೇಕಾಗಿದ್ದರು ಎಂಬುದು ಇಲ್ಲಿ ತಿಳಿಯುತ್ತದೆ. ಹುಡುಗನ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇದು.

ಇನ್ನರ್ಧ ಉತ್ತರ ಶಾಸನಗಳಲ್ಲಿದೆ. ಕಲಚುರಿಗಳ ಬಿರುದಾವಳಿಯಲ್ಲಿ 'ಸುವರ್ಣ ವೃಷಭ ಧ್ವಜ' ಎಂಬುದುಂಟು. ಬಂಗಾರದ ನಂದಿಯ ಬಾವುಟ ಹಿಡಿದ ಮನೆತನ ಅದು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಜೈನರೊಡನೆ ಪಣ ಕಟ್ಟಿ ರಾಮಯ್ಯ ತಲೆಯನ್ನು ಅರಿದುಕೊಂಡು ಮತ್ತೆ ಪಡೆದ ಎಂಬ ಪವಾಡವನ್ನು ಈ ಪತ್ರಿಕೆ ಒಪ್ಪುವುದಿಲ್ಲ. ಆ ಕಲಹದಲ್ಲಿ ಜೈನರ ಮೇಲೆ ನಡೆದುದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದೂ ಇಲ್ಲ. ಆದರೆ ಶಾಸನದ ಒಂದು ಅಂಶವನ್ನು ಮರೆಯಬಾರದು. ದೂರು ಬಿಜ್ಜಳನ ಮುಂದೆ ಬಂದಾಗ ಅವನು ಶಿವಭಕ್ತನಾದ ರಾಮಯ್ಯನಿಗೇ ಜಯಪತ್ರ ಕೊಟ್ಟ ಎಂದು ಅದು ಹೇಳುತ್ತದೆ. ಶಿವಭಕ್ತರನ್ನು ಕಂಡರೆ ಹಲ್ಲು ಕಡಿಯುವ ಸಿನಿಮಾದ ಬಿಜ್ಜಳನಿಗೂ ಈ ಕಲ್ಲಿನ ಮೇಲಿನ ಬಿಜ್ಜಳನಿಗೂ ಹೊಂದಿಕೆಯಾಗದು.

ಇನ್ನು ಅವನ ಸಾವು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವ ಪುರಾಣದಲ್ಲಿ ಜಗದೇವ ಮೊದಲಾದವರು ಅವನನ್ನು ಕೊಲ್ಲುತ್ತಾರೆ. ಜೈನ ಪರಂಪರೆಯ 'ಬಿಜ್ಜಳರಾಯ ಚರಿತೆ'ಯಲ್ಲಿ ಅವನು ವಿಷದ ಹಣ್ಣಿನಿಂದ ಸಾಯುತ್ತಾನೆ, ಅಪವಾದ ಬಸವಣ್ಣನವರ ಮೇಲೆ ಬರುತ್ತದೆ. ನಮ್ಮ ಪುರಾಣ ನಮಗೆ ಎಷ್ಟು ಪ್ರಿಯವೋ ಬೆಳಗಾವಿ ಕಡೆಯ ನಮ್ಮ ಜೈನ ನೆರೆಯವರಿಗೆ ಅವರ ಚರಿತೆ ಅಷ್ಟೇ ಪ್ರಿಯವಾಗಿದ್ದರೆ ತಪ್ಪೆನ್ನಲಾಗದು. ಎರಡೂ ಘಟನೆ ನಡೆದು ಬಹುಕಾಲದ ಮೇಲೆ ಹುಟ್ಟಿದ ಗ್ರಂಥಗಳು. ಬಸವಣ್ಣನವರಿಗೆ ಹತ್ತಿರದ ಕವಿ ಹರಿಹರನ 'ಬಸವರಾಜದೇವರ ರಗಳೆ' ನಮಗೆ ಪೂರ್ತಿಯಾಗಿ ಸಿಕ್ಕಿಲ್ಲ. ಬಸವಣ್ಣನವರನ್ನು ಹೆಸರಿಸುವ ಶಾಸನಗಳಲ್ಲಿ ವಿದ್ವಾಂಸರು ಮುಖ್ಯವಾಗಿ ಎತ್ತಿ ಹೇಳುವ ಹುಕ್ಕೇರಿ ಬಳಿಯ ಅರ್ಜುನವಾಡ ಶಾಸನ 1260ರದು, ಎಂದರೆ ಕಲ್ಯಾಣದ ಘಟನೆಗಳಾಗಿ ಸುಮಾರು ತೊಂಬತ್ತು ವರ್ಷಗಳ ನಂತರದ್ದು.

ಸಿನಿಮಾದವರ ಕೆಲಸ ಶುರುವಾಗುವುದು ಈ ಖಾಲಿ ಜಾಗದಲ್ಲಿ. ಅವರನ್ನು ಅದಕ್ಕಾಗಿ ದೂರುವುದು ಸರಿಯಲ್ಲ. ಎರಡೂವರೆ ಗಂಟೆಯಲ್ಲಿ ಮೂವತ್ತು ವರ್ಷಗಳ ಕಥೆ ಹೇಳಬೇಕು. ಹತ್ತು ಜನ ಮಂತ್ರಿಗಳು ಇಬ್ಬರಾಗುತ್ತಾರೆ. ವರ್ಷಗಟ್ಟಲೆ ಹೊಗೆಯಾಡಿದ ಅಸಮಾಧಾನ ಒಂದು ಒಡ್ಡೋಲಗದ ದೃಶ್ಯವಾಗುತ್ತದೆ. ಆ ಕಾಲದ ಅರಮನೆ ಈಗ ಉಳಿದಿಲ್ಲ, ಬಸವಕಲ್ಯಾಣದ ಕೋಟೆಯಲ್ಲಿ ನಾವು ಕಾಣುವ ಬಹುಪಾಲು ಕಟ್ಟಡ ಬಹಮನಿ ಕಾಲದ್ದು ಮತ್ತು ಅದರ ನಂತರದ್ದು. ಹಾಗಾಗಿ ಸೆಟ್ ಹಾಕುವವರು ತಮಗೆ ತಿಳಿದಂತೆ ಕಂಬ ಕಮಾನು ನಿಲ್ಲಿಸುತ್ತಾರೆ. ಇದೆಲ್ಲ ಕ್ಷಮ್ಯ. ಪುರಾಣ ಬರೆದ ಕವಿಗಳೂ ಆಯ್ದುಕೊಂಡರು, ಕೂಡಿಸಿದರು, ಬಿಟ್ಟರು. ಆದರೆ ಪುರಾಣವನ್ನು ನಾವು ಪುರಾಣವೆಂದೇ ತಿಳಿದು ಕೇಳುತ್ತೇವೆ. ಸಿನಿಮಾ ಕಣ್ಣಿಗೆ ಕಾಣುವುದರಿಂದ, ಹೀಗೇ ನಡೆದಿತ್ತು ಎಂಬ ನಂಬಿಕೆ ಮೂಡಿಸುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಕಥೆಯನ್ನು ಕಿರಿದು ಮಾಡುವಾಗ ಯಾರನ್ನು ಬಿಟ್ಟರು, ಯಾರನ್ನು ಕಾಪಾಡಿದರು?

ದೊರೆಗಳ ಕಥೆ ಹೇಳುವ ನಮ್ಮ ದೇಶದ ಚಿತ್ರಗಳಿಗೆ ಈ ಪ್ರಶ್ನೆ ಹಾಕಿ ನೋಡೋಣ. ಕನ್ನಡಿಗರೆಲ್ಲ ಮೆಚ್ಚಿದ 'ಮಯೂರ' ಬಂದದ್ದು 1975ರಲ್ಲಿ, ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯ ಆಧಾರದ ಮೇಲೆ. ತಾಳಗುಂದದ ಶಾಸನದ ಪ್ರಕಾರ ಮಯೂರಶರ್ಮ ಬ್ರಾಹ್ಮಣ ವಿದ್ಯಾರ್ಥಿ. ಓದಲೆಂದು ಕಂಚಿಗೆ ಹೋಗಿ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ಅವಮಾನ ಸಹಿಸದೆ ಕತ್ತಿ ಹಿಡಿದು ರಾಜ್ಯ ಕಟ್ಟಿದ. ಹುಟ್ಟಿನಿಂದ ಬಂದ ಕಸುಬು ಬಿಟ್ಟು ಬೇರೊಂದಕ್ಕೆ ಕೈ ಹಾಕಿದವನ ಕಥೆ ಅದು. ಚಿತ್ರದಲ್ಲಿ ಅವನು ಹುಟ್ಟಿನಿಂದಲೇ ರಾಜಕುಮಾರ ಎಂಬ ಗುಟ್ಟು ಹೊರಬೀಳುತ್ತದೆ. ಕಳೆದುಹೋದ ಸಿಂಹಾಸನವನ್ನು ರಕ್ತದ ಹಕ್ಕಿನಿಂದ ಮರಳಿ ಪಡೆಯುತ್ತಾನೆ. ರಾಜಕುಮಾರ್ ಅವರ ಅಭಿನಯಕ್ಕೆ ನಾವೂ ಚಪ್ಪಾಳೆ ತಟ್ಟಿದವರೇ. ಆದರೆ ಕತ್ತಿ ಹಿಡಿಯಲು ಕ್ಷತ್ರಿಯನೇ ಆಗಬೇಕು ಎಂಬ ಹಳೆಯ ನಿಯಮವನ್ನು ಶಾಸನ ಮುರಿದಿತ್ತು, ಸಿನಿಮಾ ಅದನ್ನು ಮತ್ತೆ ಜೋಡಿಸಿತು.

ಉತ್ತರದ ಕಡೆ ನೋಡಿ. 2022ರ 'ಸಾಮ್ರಾಟ್ ಪೃಥ್ವಿರಾಜ್' ಚಿತ್ರದಲ್ಲಿ ಕಣ್ಣು ಕಳೆದುಕೊಂಡ ಪೃಥ್ವಿರಾಜ ಬಾಣ ಬಿಟ್ಟು ಮಹಮ್ಮದ್ ಘೋರಿಯನ್ನು ಕೊಲ್ಲುತ್ತಾನೆ. ಇದು 'ಪೃಥ್ವಿರಾಜ ರಾಸೋ' ಕಾವ್ಯ ಪರಂಪರೆಯ ಕಥೆ. ಇತಿಹಾಸದಲ್ಲಿ ಪೃಥ್ವಿರಾಜ ಸೋತದ್ದು 1192ರ ತರಾಯಿನ್ ಯುದ್ಧದಲ್ಲಿ, ಘೋರಿ ಸತ್ತದ್ದು 1206ರಲ್ಲಿ, ನಡುವೆ ಹದಿನಾಲ್ಕು ವರ್ಷ. ಸೋಲನ್ನು ಸೋಲೆಂದು ತೋರಿಸಲು ಧೈರ್ಯ ಬೇಕು. ಏಕೆ ಸೋತೆವು ಎಂದು ಕೇಳಲು ಇನ್ನೂ ಹೆಚ್ಚಿನ ಧೈರ್ಯ ಬೇಕು. ಸೇಡು ತೀರಿಸಿಬಿಟ್ಟರೆ ಎರಡೂ ಪ್ರಶ್ನೆ ಏಳುವುದಿಲ್ಲ. 2018ರ 'ಪದ್ಮಾವತ್' ಕೂಡ ಕಾವ್ಯದಿಂದ ಬಂದದ್ದು. ಅಲ್ಲಾವುದ್ದೀನ್ ಖಿಲ್ಜಿ ಚಿತ್ತೋಡ ಗೆದ್ದದ್ದು 1303ರಲ್ಲಿ, ಮಲಿಕ್ ಮಹಮ್ಮದ್ ಜಾಯಸಿ 'ಪದ್ಮಾವತ್' ಬರೆಯಲು ತೊಡಗಿದ್ದು 1540ರ ಸುಮಾರಿಗೆ. ಚಿತ್ರದ ಖಿಲ್ಜಿ ಕಾಡುಪ್ರಾಣಿಯಂತೆ ಮಾಂಸ ಹರಿದು ತಿನ್ನುತ್ತಾನೆ. ಕೊನೆಯಲ್ಲಿ ಕೆಂಪು ಉಡುಪು ತೊಟ್ಟ ಹೆಂಗಸರು ಬೆಂಕಿಯತ್ತ ನಡೆಯುವಾಗ ಹಿನ್ನೆಲೆ ಸಂಗೀತ ಏರುತ್ತದೆ. ಶತ್ರುವನ್ನು ಮೃಗ ಮಾಡಿದ್ದರಿಂದ, ಹೆಂಗಸು ಉರಿದುಹೋಗುವುದೇ ಮಾನ ಎಂದು ನಂಬಿಸಿದ ತನ್ನ ಮನೆಯ ಕಟ್ಟಳೆ ಪ್ರಶ್ನೆಯಿಲ್ಲದೆ ಪಾರಾಯಿತು.

ಮೂರು ಚಿತ್ರಗಳಲ್ಲೂ ಒಂದೇ ದಾರಿ ಕಾಣುತ್ತದೆ. ನಾಯಕನಿಗೆ ಉತ್ತಮ ರಕ್ತ, ಶತ್ರುವಿಗೆ ರಾಕ್ಷಸನ ಮುಖ, ಕೊನೆಗೆ ಸೇಡು ಇಲ್ಲವೆ ಬಲಿದಾನ. ಸಮಾಜದ ವ್ಯವಸ್ಥೆ ಇದ್ದಲ್ಲೇ ಇರುತ್ತದೆ.

ಈಗ ಕಲ್ಯಾಣಕ್ಕೆ ಮರಳೋಣ. ನಮ್ಮ ಪರಂಪರೆ ಹೇಳುವಂತೆ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗ ಶೀಲವಂತನಿಗೂ ಮದುವೆಯಾಯಿತು. ವರ್ಣಸಂಕರವಾಯಿತೆಂದು ಊರು ಕುದಿಯಿತು, ದೊರೆಯ ಬಳಿ ದೂರು ಹೋಯಿತು. ಮಧುವರಸರಿಗೂ ಹರಳಯ್ಯನವರಿಗೂ ಎಳೆಹೂಟೆ ಶಿಕ್ಷೆಯಾಯಿತು. ಆಜ್ಞೆ ಬಿಜ್ಜಳನದು, ಅದರ ಹೊಣೆಯಿಂದ ಅವನು ತಪ್ಪಿಸಿಕೊಳ್ಳಲಾರ. ಆದರೆ ಆಜ್ಞೆಗೆ ಮೊದಲು ದೂರು ಇತ್ತು. ದೂರು ಕೊಟ್ಟವರಿದ್ದರು, ದೂರು ಸರಿಯೆಂದು ಶಾಸ್ತ್ರ ಓದಿ ಹೇಳಿದವರಿದ್ದರು, ಎಳೆಯುವುದನ್ನು ಬೀದಿಯ ಎರಡೂ ಬದಿಗೆ ನಿಂತು ನೋಡಿದವರಿದ್ದರು. ಬಿಜ್ಜಳನೊಬ್ಬನನ್ನೇ ರಾಕ್ಷಸನನ್ನಾಗಿ ಮಾಡಿದಾಗ ಇವರೆಲ್ಲ ಮೆಲ್ಲಗೆ ತೆರೆಯಿಂದ ಜಾರಿಕೊಳ್ಳುತ್ತಾರೆ. ಅಪರಾಧ ಒಬ್ಬ ದೊರೆಯ ಕೋಪವಾಗುತ್ತದೆ. ಜಾತಿ ಎಂಬ ಆರೋಪಿ ಬಿಡುಗಡೆಯಾಗುತ್ತಾನೆ.

ಹುಡುಗನ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಿಜ್ಜಳ ಸತ್ತ ಮೇಲೂ ಜಾತಿ ಹೋಗಲಿಲ್ಲ, ಏಕೆಂದರೆ ಅದು ಬಿಜ್ಜಳನ ಅರಮನೆಯಲ್ಲಿ ಹುಟ್ಟಿದ್ದಲ್ಲ. ಇಂದು ದೊರೆ ಇಲ್ಲ, ಎಳೆಹೂಟೆ ಇಲ್ಲ, ಆದರೂ ಬೇರೆ ಜಾತಿಯವನನ್ನು ಮದುವೆಯಾದಳೆಂದು ಮಗಳನ್ನೇ ಕೊಂದ ಅಪ್ಪನ ಸುದ್ದಿ ನಮ್ಮ ನಾಡಿನ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಅಷ್ಟು ದೂರ ಹೋಗುವುದೂ ಬೇಡ. ಈ ಪತ್ರಿಕೆಗೆ ಬರುವ ವಧೂವರರ ಪ್ರಕಟಣೆಗಳನ್ನೇ ನೋಡಿ. ಮೊದಲ ಸಾಲಿನಲ್ಲಿ 'ಬಸವತತ್ವ ನಿಷ್ಠ ಕುಟುಂಬ' ಎಂದಿರುತ್ತದೆ, ಎರಡನೆಯ ಸಾಲಿನಲ್ಲಿ ಒಳಪಂಗಡದ ಹೆಸರಿರುತ್ತದೆ, ಮೂರನೆಯದರಲ್ಲಿ 'ಅದೇ ಪಂಗಡದವರು ಮಾತ್ರ ಸಂಪರ್ಕಿಸಿ' ಎಂದಿರುತ್ತದೆ. ಹಡಪದ ಅಪ್ಪಣ್ಣನವರ ಭಾವಚಿತ್ರಕ್ಕೆ ಹೂ ಹಾಕಿದ ಕೈಯೇ ಹಡಪದರ ಮನೆಯ ಹೆಣ್ಣು ಬೇಡ ಎಂದು ಬರೆಯುತ್ತದೆ. ಸಿನಿಮಾ ನೋಡಿ ಬಿಜ್ಜಳನಿಗೆ ಶಾಪ ಹಾಕಿ ಹೊರಬಂದವರು ಮನೆಗೆ ಹೋಗಿ ಮಗನ ಮದುವೆಗೆ ಒಳಪಂಗಡ ಹುಡುಕಿದರೆ, ಅವರು ಆ ಚಿತ್ರದಿಂದ ಪಡೆದದ್ದೇನು? ಬೈಯಲು ಸುಲಭವಾದ ಒಬ್ಬ ಸತ್ತ ದೊರೆ, ಅಷ್ಟೆ.

ನಮ್ಮ ನಾಟಕಕಾರರು ಈ ತೊಡಕನ್ನು ಸಿನಿಮಾದವರಿಗಿಂತ ಚೆನ್ನಾಗಿ ಬಲ್ಲರು. ಲಂಕೇಶರ 'ಸಂಕ್ರಾಂತಿ', ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ', ಗಿರೀಶ ಕಾರ್ನಾಡರ 'ತಲೆದಂಡ', ಎಂ.ಎಂ. ಕಲಬುರ್ಗಿಯವರ 'ಕೆಟ್ಟಿತ್ತು ಕಲ್ಯಾಣ' ಎಲ್ಲವೂ ಇದೇ ನೆಲದ ಮೇಲೆ ನಿಂತವು. 1990ರ 'ತಲೆದಂಡ'ದ ಬಿಜ್ಜಳನನ್ನು ನೋಡಿ. ಪಟ್ಟ ಏರಿದರೂ ಕ್ಷೌರಿಕ ಕುಲದವನೆಂಬ ನೋವು ಅವನನ್ನು ಬಿಟ್ಟಿಲ್ಲ. ಶರಣರು ತನ್ನ ಜಾತಿ ಕೇಳಲಿಲ್ಲ ಎಂಬುದು ಅವನಿಗೆ ದೊಡ್ಡ ಸಮಾಧಾನ. ಹಾಗಿದ್ದೂ ಗಳಿಗೆ ಬಂದಾಗ ಅವನು ಕಾಪಾಡಲಾರದೆ ಹೋಗುತ್ತಾನೆ. ಈ ಬಿಜ್ಜಳ ಕಲ್ಪನೆಯೇ ಇರಬಹುದು, ಆದರೆ ಇವನನ್ನು ನೋಡಿದವರು ತಮ್ಮನ್ನು ತಾವು ಕೇಳಿಕೊಳ್ಳದೆ ಮನೆಗೆ ಹೋಗಲಾರರು. ಜಾತಿಯಿಂದ ನೊಂದವನೇ ಜಾತಿಯ ಕಾವಲುಗಾರನಾಗುವ ದುರಂತ ನಮ್ಮ ಸುತ್ತಲೂ ಇದೆ.

ಇಲ್ಲಿ ನಮ್ಮ ಸಮುದಾಯದ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. 'ಮಹಾಚೈತ್ರ' ಪಠ್ಯವಾದಾಗ ಅದರ ವಿರುದ್ಧ ಬೀದಿಗೆ ಇಳಿದವರಲ್ಲಿ ನಮ್ಮವರೇ ಇದ್ದರು. 'ಪದ್ಮಾವತ್' ವಿರುದ್ಧ ರಜಪೂತ ಸಂಘಟನೆಗಳು ಎದ್ದಾಗ, ಅದರ ಹೆಸರೇ ಬದಲಾದಾಗ, ಕೆಲವು ರಾಜ್ಯಗಳು ನಿಷೇಧಿಸಿ ಸುಪ್ರೀಂ ಕೋರ್ಟ್ ಆ ನಿಷೇಧ ತಡೆದಾಗ, ನಾವು ದೂರ ನಿಂತು ನಕ್ಕೆವು. ನಮ್ಮ ಮನೆಯಲ್ಲೂ ಅದೇ ಬೆಂಕಿ ಇದೆ ಎಂಬುದು ಮರೆತುಹೋಗಿತ್ತು. ಭಾವನೆಗೆ ಧಕ್ಕೆಯಾಯಿತು ಎಂದು ಕೂಗಿದರೆ ಸಿನಿಮಾದವರು ಮಾಡುವುದಿಷ್ಟು: ಆರಂಭದಲ್ಲಿ 'ಇದು ಕಾಲ್ಪನಿಕ' ಎಂದು ನಾಲ್ಕು ಸಾಲು ಹಾಕುತ್ತಾರೆ, ಒಳಗೆ ಯಾರಿಗೂ ನೋವಾಗದಂತೆ ಎಲ್ಲರನ್ನೂ ಹೊಗಳುತ್ತಾರೆ. ಯಾರನ್ನೂ ಚುಚ್ಚದ ಬಸವಣ್ಣನವರು ಹುಟ್ಟುವುದು ಹೀಗೆ. ಅನುಭವ ಮಂಟಪ ಪ್ರಶ್ನೆ ಕೇಳುವವರ ಮಂಟಪವಾಗಿತ್ತು. ಅದರ ವಾರಸುದಾರರು ನಿಷೇಧದ ಮನವಿ ಹಿಡಿದು ಜಿಲ್ಲಾಧಿಕಾರಿ ಕಚೇರಿಯ ಮುಂದೆ ನಿಲ್ಲುವುದು ಶೋಭೆಯಲ್ಲ.

ಕಿರೀಟದ ಬಗ್ಗೆಯೂ ಒಂದು ಮಾತು. ಸಿನಿಮಾ ಕಣ್ಣು ಕಿರೀಟವನ್ನೇ ಹುಡುಕುತ್ತದೆ. ನಮ್ಮ ಕಣ್ಣೂ ಹಾಗೆಯೇ ಆಗಿದೆ. ಅನೇಕ ಊರುಗಳ ವೃತ್ತಗಳಲ್ಲಿ ಬಸವಣ್ಣನವರು ಕುದುರೆ ಏರಿ, ಕಿರೀಟ ಧರಿಸಿ, ದೊರೆಯ ಠೀವಿಯಲ್ಲಿ ಕುಳಿತಿದ್ದಾರೆ. ಅವರು ಭಂಡಾರಿಯಾಗಿದ್ದರು, ದೊರೆಯಾಗಿರಲಿಲ್ಲ. ಅವರಿಗೆ ಬಿಜ್ಜಳನ ಉಡುಪು ತೊಡಿಸಿದವರು ಭಕ್ತಿಯಿಂದಲೇ ತೊಡಿಸಿದರು, ಆದರೆ ಅವರನ್ನು ಒಂದು ಮೆಟ್ಟಿಲು ಕೆಳಗೆ ಇಳಿಸಿದರು. 2024ರಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಸಂತೋಷ. ಅದಕ್ಕಾಗಿ ಅವರ ತಲೆಯ ಮೇಲಿನ ಕಿರೀಟ ದೊಡ್ಡದಾಗಬೇಕಿಲ್ಲ. ಅಡ್ಡಪಲ್ಲಕ್ಕಿಯಲ್ಲಿ ಕಿರೀಟ ಧರಿಸಿ ಮೆರೆಯುವ ರೂಢಿ ಇನ್ನೂ ಉಳಿಸಿಕೊಂಡ ಮಠಗಳಿವೆ. ಈ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಓದುವ ಪೂಜ್ಯರು ಇದನ್ನು ನಿಂದೆಯೆಂದು ಭಾವಿಸಬಾರದೆಂದು ವಿನಂತಿ.

ಶರಣರಿಗೆ ದೊರೆಯ ಕಥೆ ಹೇಳಲು ಬರುತ್ತಿರಲಿಲ್ಲ ಎಂದಲ್ಲ. ಮೋಳಿಗೆ ಮಾರಯ್ಯನವರ ಕಥೆ ನಮಗೆಲ್ಲ ಗೊತ್ತು. ಕಾಶ್ಮೀರದ ಅರಸೊತ್ತಿಗೆ ಬಿಟ್ಟು, ಮಡದಿ ಮಹಾದೇವಿಯವರೊಂದಿಗೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ಬದುಕಿದರೆಂದು ಪರಂಪರೆ ಹೇಳುತ್ತದೆ. ಇದರ ಚಾರಿತ್ರಿಕ ಸತ್ಯ ಏನೇ ಇರಲಿ, ಶರಣರು ದೊರೆಯ ಬದುಕನ್ನು ಯಾವ ಕಡೆಯಿಂದ ನೋಡಿದರು ಎಂಬುದು ಇಲ್ಲಿದೆ. ಸಿನಿಮಾದಲ್ಲಿ ಕಿರೀಟ ತಲೆಗೇರಿದಾಗ ಕಥೆ ಮುಗಿಯುತ್ತದೆ. ಶರಣರಲ್ಲಿ ಕಿರೀಟ ಇಳಿದಾಗ ಕಥೆ ಶುರುವಾಗುತ್ತದೆ. ಕ್ಯಾಮೆರಾ ಆ ಕಟ್ಟಿಗೆಯ ಹೊರೆಯ ಹಿಂದೆ ಒಂದು ದಿನ ನಡೆದರೆ, ಮಾಚಿದೇವರ ಮಡಿಕೆಯ ಗಂಟು, ಚೌಡಯ್ಯನವರ ದೋಣಿ, ಲಕ್ಕಮ್ಮನವರು ಆಯ್ದ ಅಕ್ಕಿಯ ಹತ್ತಿರ ಕುಳಿತರೆ, ಬಿಜ್ಜಳನ ಒಡ್ಡೋಲಗ ಏಕೆ ನಡುಗಿತು ಎಂಬುದು ಸಂಭಾಷಣೆಯ ಅಬ್ಬರವಿಲ್ಲದೆಯೇ ತಿಳಿಯುತ್ತದೆ.

ಮಠಗಳಿಗೆ, ಬಸವ ಕೇಂದ್ರಗಳಿಗೆ, ಬಳಗದ ಹಿರಿಯರಿಗೆ ನಮ್ಮ ಕೋರಿಕೆ ಇಷ್ಟೆ. ಶರಣರ ಚಿತ್ರ ಮಾಡುತ್ತೇವೆಂದು ನಿರ್ಮಾಪಕರು ಆಶೀರ್ವಾದಕ್ಕೆ ಬಂದಾಗ, ದೇಣಿಗೆ ಕೊಡುವ ಮೊದಲು ಕಥೆ ಕೇಳಿ. ಪವಾಡ ಎಷ್ಟಿದೆ ಎಂದು ಕೇಳಿ. ಹರಳಯ್ಯನವರಿಗೆ ಎಷ್ಟು ದೃಶ್ಯವಿದೆ, ಅವರು ಸಾಯುವುದಕ್ಕಷ್ಟೇ ಬರುತ್ತಾರೋ ಬದುಕುವುದನ್ನೂ ತೋರಿಸುತ್ತೀರೋ ಎಂದು ಕೇಳಿ. ಜೈನರನ್ನೋ ಇನ್ನಾವ ನೆರೆಯವರನ್ನೋ ಖಳರ ಗುಂಪಾಗಿ ನಿಲ್ಲಿಸಿದ್ದರೆ ಬೇಡವೆನ್ನಿ. ಪುರಾಣದ ಸಂಗತಿ ಯಾವುದು, ಶಾಸನದ ಸಂಗತಿ ಯಾವುದು ಎಂಬುದನ್ನು ಪ್ರೇಕ್ಷಕರಿಗೆ ತಿಳಿಸಲಿ. ಪ್ರಸಾದ ನಿಲಯಗಳಲ್ಲಿ ಚಿತ್ರ ತೋರಿಸುವುದನ್ನು ನಿಲ್ಲಿಸಬೇಡಿ, ತೋರಿಸಿದ ಮೇಲೆ ಒಂದು ಗಂಟೆ ಮಾತಾಡಿಸಿ. ವರ್ಷಕ್ಕೊಮ್ಮೆ ಪ್ರವಾಸ ಹೋಗುವಾಗ ಅಬ್ಬಲೂರು, ಅರ್ಜುನವಾಡಗಳ ಹಾದಿಯನ್ನೂ ಹಿಡಿಯಿರಿ. ಕಲ್ಲಿನ ಮೇಲಿನ ಅಕ್ಷರವನ್ನು ಬೆರಳಿಂದ ಮುಟ್ಟಿದ ಹುಡುಗ ತೆರೆಯ ಮೇಲಿನ ಆರ್ಭಟಕ್ಕೆ ಸುಲಭವಾಗಿ ಮಾರುಹೋಗುವುದಿಲ್ಲ.

ನಮ್ಮಿಂದಲೇ ಆರಂಭವಾಗಲೆಂದು ಒಂದು ನಿರ್ಧಾರ ಮಾಡಿದ್ದೇವೆ. ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯ ವಧೂವರರ ಅಂಕಣದಲ್ಲಿ ಒಳಪಂಗಡದ ಹೆಸರು ಅಚ್ಚಾಗುವುದಿಲ್ಲ. ಇದರಿಂದ ಪ್ರಕಟಣೆಗಳು ಕಡಿಮೆಯಾಗಬಹುದು, ಪತ್ರಿಕೆಯ ಆದಾಯವೂ ಇಳಿಯಬಹುದು. ಆದರೆ ಎಂಟನೆಯ ತರಗತಿಯ ಆ ಹುಡುಗ ನಾಳೆ ದೊಡ್ಡವನಾಗಿ ಈ ಪುಟ ತೆರೆದಾಗ, ಬಿಜ್ಜಳನೊಬ್ಬನೇ ಕೆಟ್ಟವನೆಂದು ಹೇಳಿ ನಾವು ನುಣುಚಿಕೊಂಡೆವೆಂದು ಅವನಿಗೆ ಅನ್ನಿಸಬಾರದು.